ಉತ್ತರದ ಕಿಟಕಿ

ಜುಲೈ. ಮಾಂಟೆವಿಡಿಯೊದಲ್ಲಿ ಚಳಿಗಾಲ.
ನದಿಯ ಕಡೆಯಿಂದ ಬೀಸುವ ಗಾಳಿಗೆ
ಆಫೀಸಿನ ಗಾಜುಗಳು ಹಲ್ಲು ಕಡಿಯುತ್ತಿವೆ.
ಮಾಟೆ ಸೊಪ್ಪಿಗೆ ಮೂರನೇ ಸಲ ಬಿಸಿನೀರು ಹೊಯ್ದು
ನಿನ್ನೆಯ ಹುಡುಕಾಟಗಳನ್ನು ಓದುತ್ತ ಕೂತಿದ್ದೇನೆ.
ಇದೇ ನನ್ನ ಕೆಲಸ:
ಜನ ಹೇಳಿದ್ದೇನು, ಯಂತ್ರ ಕೇಳಿಸಿಕೊಂಡದ್ದೇನು,
ಎರಡರ ನಡುವೆ ಉದುರಿದ್ದನ್ನು ಗುಡಿಸಿ ಎತ್ತುವುದು.

"ಕೊರ್ಡೋನಿನಲ್ಲಿ ಎರಡು ಕೋಣೆ, ಮೂವತ್ತು ಸಾವಿರದೊಳಗೆ"
ಎಂದರೆ ಸಾಕು, ಏಜೆಂಟು ಚಕಚಕನೆ ಬರೆಯುತ್ತದೆ:
ಬಡಾವಣೆ ಸಮ ಇದು, ಕೋಣೆ ಸಮ ಎರಡು, ಬಾಡಿಗೆ ಇಷ್ಟಕ್ಕಿಂತ ಕಡಿಮೆ.
ಬಾಡಿಗೆಗೆ ಕಾಲಂ ಇದೆ. ಲಿಫ್ಟಿಗೆ ಇದೆ.
ನಾಯಿಗೂ ಇದೆ, ಹೌದು ಅಥವಾ ಇಲ್ಲ.
ಕಾಲಂ ಇಲ್ಲದ ಆಸೆಯನ್ನು ಮಾತ್ರ
ತಟ್ಟೆಯಂಚಿಗೆ ಸರಿಸಿದ ಆಲಿವ್ ಬೀಜದ ಹಾಗೆ
ಮೆತ್ತಗೆ, ಸದ್ದಿಲ್ಲದೆ, ಬಿಟ್ಟುಬಿಡುತ್ತದೆ.

ಒಬ್ಬ ಬರೆದಿದ್ದ: "ಅಮ್ಮನ ಪಿಯಾನೊ ಮೆಟ್ಟಿಲಲ್ಲಿ ತಿರುಗಬೇಕು."
ಪಿಯಾನೊ ಇರುವ ಮನೆಗಳು: ಸೊನ್ನೆ.
ಇನ್ನೊಬ್ಬಳು: "ಹಳೆಯ ಗಂಡ ದಾರಿಯಲ್ಲಿ ಸಿಗದಂಥ ಬಡಾವಣೆ."
ಏಜೆಂಟು ವಿನಯದಿಂದ ಕೇಳಿತ್ತು: ಅವರ ವಿಳಾಸ ತಿಳಿಸುವಿರಾ?
ವಾಲ್ದೆಮಾರ್ ನಕ್ಕ ರಭಸಕ್ಕೆ ಕೀಬೋರ್ಡಿನ ಮೇಲೆಲ್ಲ ಕಾಫಿ.

ಆಮೇಲೆ ಒಂದು, ಕಾಗದದ ಹಾಗೆ ಬರೆದದ್ದು,
ಕೊನೆಗೆ ಸಹಿ ಬೇರೆ: ಎಲ್ಬಿಯಾ ತೆಚೇರಾ.
"ಮಾನ್ಯರೇ, ಮನೆ ಸಣ್ಣದಿದ್ದರೂ ಸರಿ.
ಚಳಿಗಾಲದಲ್ಲಿ ಅಡುಗೆಮನೆಯ ಮೇಜಿನವರೆಗೆ
ಒಂದು ಬಿಸಿಲುಕೋಲು ಬರಬೇಕು,
ನಾನು ಹೊಲಿಯಲು ಕೂರುವುದು ಅಲ್ಲೇ.
ಮತ್ತೆ, ಗೋಡೆ ತೆಳ್ಳಗಿರಲಿ.
ಪಕ್ಕದ ಮನೆಯ ರೇಡಿಯೊ, ಜಗಳ, ಕೆಮ್ಮು, ಯಾವುದಾದರೂ ಆದೀತು."

ಏಜೆಂಟು ಬರೆದದ್ದು:
ದಿಕ್ಕು ಸಮ ದಕ್ಷಿಣ. ಸದ್ದು ಸಮ ಕಡಿಮೆ.
ಹದಿನಾಲ್ಕು ಮನೆ ತೋರಿಸಿ, ಶುಭವಾಗಲಿ ಎಂದಿತ್ತು.
ಆಕೆ ಒಂದನ್ನೂ ತೆರೆದು ನೋಡಿರಲಿಲ್ಲ.

ಹದಿನಾಲ್ಕೂ ನದಿಗೆ ಮುಖ ಮಾಡಿದವು,
ಜೂನಿನಿಂದ ಆಗಸ್ಟಿನವರೆಗೆ ಮೂಲೆಮೂಲೆಗೆ ಬೂಷ್ಟು ಹಿಡಿಯುವಂಥವು.
ಭೂಮಿಯ ಮೇಲರ್ಧದಲ್ಲಿ ಓದಿ ಬಂದಿದೆ ಇದು,
ಬಿಸಿಲೆಂದರೆ ದಕ್ಷಿಣ ಎಂದು ಬಾಯಿಪಾಠ ಮಾಡಿಕೊಂಡು.
ನಮ್ಮ ಸೂರ್ಯ ಉತ್ತರದಲ್ಲಿ ನಡೆಯುತ್ತಾನೆ ಮಾರಾಯ,
ಇಲ್ಲಿ ಬೆಕ್ಕಿಗೂ ಗೊತ್ತು ಅದು.

ವಾಲ್ದೆಮಾರ್ ಸಾಲು ತಿದ್ದಿದ.
ಇಷ್ಟು ದಿನ ಬಂದವರಿಗೆಲ್ಲ
ಉತ್ತರ ಕೊಟ್ಟೆವು, ಉತ್ತರ ಕೊಡಲಿಲ್ಲ.

"ಗೋಡೆ?" ಎಂದೆ.
"ಸದ್ದು ಬೇಕು ಅಂತ ಯಾರು ಕೇಳುತ್ತಾರೆ? ಬೆರಳು ಜಾರಿರಬೇಕು" ಎಂದ,
ಕೋಟು ಹಾಕಿಕೊಂಡು ಹೊರಟೇಹೋದ.
ಗೋಡೆಗೂ ಕಿವಿಯುಂಟು ಎಂದು ಹೆದರಿಸುತ್ತಾರೆ.
ಆಕೆಗೆ ಬೇಕಿದ್ದುದು ಬಾಯಿರುವ ಗೋಡೆ.

ಕತ್ತಲಾದ ಮೇಲೆ ದೂರುಗಳ ಕೋಷ್ಟಕ ತೆರೆದೆ,
ಮನೆ ಬಿಟ್ಟುಹೋದವರು ಸಿಟ್ಟಿನಲ್ಲಿ ಗೀಚಿದ್ದು.
ಗೀಸರು, ಜಿರಳೆ, ಠೇವಣಿ, ಮತ್ತೆ ಗೀಸರು.
ಇನ್ನೂರು ಸಾಲು ದಾಟಿದ ಮೇಲೆ, ಪಲೆರ್ಮೊ, ಎರಡನೇ ಮಹಡಿ:
"ಪಕ್ಕದ ಮುದುಕ ಫುಟ್‌ಬಾಲ್ ಕಾಮೆಂಟರಿ ಹಾಕಿದನೆಂದರೆ ಮುಗಿಯಿತು.
ಗೋಲು ಬಿದ್ದರೆ ನನ್ನ ಕಪಾಟು ನಡುಗುತ್ತದೆ."
ದಿಕ್ಕು ನೋಡಿದೆ. ಉತ್ತರ.
ಬಾಡಿಗೆ ಇಪ್ಪತ್ತೆರಡು ಸಾವಿರ. ಲಿಫ್ಟಿಲ್ಲ.

ಇದನ್ನು ಏಜೆಂಟಿಗೆ ಬಿಡದೆ ನಾನೇ ಬರೆದೆ:
"ಎಲ್ಬಿಯಾ ಅವರೇ, ಒಂದು ಮನೆಯಿದೆ. ಹಿಂದಿನವರು ಬೈದು ಹೋದದ್ದು."
ಕಳಿಸುವ ಮುನ್ನ ಬೆರಳು ತಡೆಯಿತು.
ದೂರು ಮೂರು ವರ್ಷ ಹಳೆಯದು.
ಮುದುಕ ಈಗಲೂ ಇದ್ದಾನೋ ಇಲ್ಲವೋ,
ಅದಕ್ಕೆ ನಮ್ಮಲ್ಲಿ ಕಾಲಂ ಇಲ್ಲ.

ಕಳಿಸಿದೆ.

ಭಾನುವಾರ ಪಂದ್ಯವಿತ್ತು.
ಬ್ರೆಡ್ಡು ತರುವ ನೆಪದಲ್ಲಿ ಆ ಬೀದಿಗೆ ಹೋಗಿ
ಎದುರಿನ ಮರದ ಕೆಳಗೆ ಕಾಲು ಬದಲಿಸುತ್ತ ನಿಂತೆ.
ತುಂಬ ಹೊತ್ತು ಏನೂ ಇಲ್ಲ.
ಆಮೇಲೆ, ತೆರೆದ ಕಿಟಕಿಯೊಂದರಿಂದ,
ಉಸಿರು ಮುಗಿಯುವವರೆಗೂ ಎಳೆದ ಒಂದು ಗೋ...

ಯಾವ ಮಹಡಿಯದೋ ತಿಳಿಯಲಿಲ್ಲ.